ಹಿಮಾಲಯದ ಊರುಗಳನ್ನು ನೋಡುವ ಬಗೆ

ಕಲಬುರಗಿಯಿಂದ ಸೇಡಂ ರಸ್ತೆಯನ್ನು ಹಿಡಿದು ಪೂರ್ವಕ್ಕೆ ಹೊರಟರೆ, ಸೇಡಂ ಸೇರುವುದಕ್ಕೆ ಸ್ವಲ್ಪ ಮೊದಲು, ಕಾಗಿಣಾ ನದಿಯ ದಡದಲ್ಲಿ ಮಳಖೇಡ ಸಿಗುತ್ತದೆ. ರಾಷ್ಟ್ರಕೂಟರ ಮಾನ್ಯಖೇಟವೆಂದರೆ ಇದೇ. ಭೂಪಟವೊಂದನ್ನು ಮುಂದಿರಿಸಿಕೊಂಡು ಈ ಊರಿನಿಂದ ನೆಟ್ಟಗೆ ಉತ್ತರಕ್ಕೆ ಗೆರೆಯೆಳೆದು ನೋಡಿ. ಅದು ಸುಮಾರು ಒಂದೂವರೆ ಸಾವಿರ ಕಿಲೋಮೀಟರು ಸಾಗಿ ಶಿಮ್ಲಾ ನಗರದ ಮೇಲೆಯೇ ಹೋಗಿ ನಿಲ್ಲುತ್ತದೆ. ಎರಡು ಊರುಗಳ ರೇಖಾಂಶವೂ ಹೆಚ್ಚುಕಡಿಮೆ ಒಂದೇ. ರಾಷ್ಟ್ರಕೂಟರ ಮೂರನೆಯ ಗೋವಿಂದನ ಸೈನ್ಯದ ಕುದುರೆಗಳು ಹಿಮಾಲಯದ ತೊರೆಗಳ ನೀರನ್ನು ಕುಡಿದುವೆಂದು ಅವನ ಮಗ ಅಮೋಘವರ್ಷನ ಸಂಜಾನ್ ತಾಮ್ರಶಾಸನ ಹೊಗಳಿದೆ. ಶಾಸನಕವಿಗಳ ಲೆಕ್ಕದಲ್ಲಿ ಎಷ್ಟನ್ನು ಕಳೆಯಬೇಕೆಂಬುದನ್ನು ಇತಿಹಾಸಕಾರರಿಗೆ ಬಿಡೋಣ.

ಇಂದು ಅಲ್ಲಿಗೆ ಹೋಗುವುದಕ್ಕೆ ಕುದುರೆಯೂ ಬೇಡ, ದಂಡೂ ಬೇಡ. ಬೆಳಗ್ಗೆ ಕಲಬುರಗಿ ಸ್ಟೇಷನ್ನಿನಲ್ಲಿ ಕರ್ನಾಟಕ ಎಕ್ಸ್‌ಪ್ರೆಸ್ಸನ್ನು ಹತ್ತಿದರೆ ಮರುದಿನ ದೆಹಲಿ. ಅಲ್ಲಿಂದಾಚೆಗೆ ಬೆಟ್ಟದ ಬುಡಕ್ಕೆ ಒಂದು ರಾತ್ರಿಯ ಪಯಣ. ಬೇಸಗೆಯ ರಜೆ ಬಂದಿತೆಂದರೆ ನಮ್ಮ ಊರಿನಿಂದ ಶಿಮ್ಲಾಕ್ಕೆ, ಮಸ್ಸೂರಿಗೆ, ನೈನಿತಾಲಿಗೆ, ಕೇದಾರಕ್ಕೆ ಹೊರಡತಕ್ಕವರು ಅನೇಕರು. ಎಂಟು ದಿನಗಳಲ್ಲಿ ಒಂಬತ್ತು ಊರುಗಳನ್ನು ಮುಗಿಸಿ ಬಂದವರೂ ಉಂಟು. ಏನು ನೋಡಿದಿರೆಂದು ಕೇಳಿದರೆ ಮಾಲ್ ರಸ್ತೆ, ಕುದುರೆ ಸವಾರಿ, ತೂಗುತೊಟ್ಟಿಲಿನ ದಾರಿ, ಮಂಜು, ಉಣ್ಣೆಯ ಶಾಲು ಎಂಬ ಉತ್ತರ ಬರುತ್ತದೆ. ಇವೆಲ್ಲ ನೋಡತಕ್ಕವೇ ಸರಿ. ಆದರೆ ಅಂಥ ಇಳಿಜಾರಿನ ಮೇಲೆ ಒಂದು ಊರು ನಿಂತಿರುವುದಾದರೂ ಹೇಗೆ, ಅದಕ್ಕೆ ನೀರೆಲ್ಲಿಯದು, ಅದರ ಕಾಲಕೆಳಗೆ ಇರುವುದೇನು ಎಂಬುದನ್ನು ಗಮನಿಸದೆ ಬಂದವರು ಊರಿನ ಅರ್ಧವನ್ನು ಮಾತ್ರ ನೋಡಿದರೆನ್ನಬೇಕು. ಉಳಿದ ಅರ್ಧದ ವಿಚಾರವಾಗಿ ಶ್ರೋತೃಗಳಿಗೆ ಕೆಲವು ಮಾತುಗಳನ್ನು ಹೇಳಬೇಕೆಂದಿದ್ದೇನೆ.

ಮೊದಲು ಚಳಿಯ ವಿಷಯ. ಎತ್ತರಕ್ಕೆ ಹೋದಷ್ಟೂ ಸೂರ್ಯನಿಗೆ ಸಮೀಪವಾಗುತ್ತೇವಲ್ಲ, ಸೆಕೆ ಹೆಚ್ಚಬೇಡವೇ ಎಂದು ಮಕ್ಕಳು ಕೇಳುವುದುಂಟು. ಸೂರ್ಯನ ದೂರದ ಮುಂದೆ ನಮ್ಮ ಬೆಟ್ಟಗಳ ಎತ್ತರ ಲೆಕ್ಕಕ್ಕೇ ಬಾರದು. ಬಿಸಿಲು ಗಾಳಿಯನ್ನು ನೇರವಾಗಿ ಕಾಯಿಸುವುದು ಅಲ್ಪ. ಅದು ನೆಲವನ್ನು ಕಾಯಿಸುತ್ತದೆ, ಕಾದ ನೆಲ ತನ್ನ ಮೇಲಣ ಗಾಳಿಯನ್ನು ಕಾಯಿಸುತ್ತದೆ. ಕಾದ ಗಾಳಿ ಮೇಲೇರಿದಂತೆಲ್ಲ ಅದರ ಮೇಲಿನ ಒತ್ತಡ ಕುಗ್ಗಿ, ಅದು ಹಿಗ್ಗಿ, ಹಿಗ್ಗಿದ ಕಾರಣದಿಂದಲೇ ತಣ್ಣಗಾಗುತ್ತದೆ. ಸ್ಥೂಲವಾಗಿ ಹೇಳುವುದಾದರೆ ಸಾವಿರ ಅಡಿ ಏರಿದರೆ ಎರಡು ಡಿಗ್ರಿ ಕಡಿಮೆ. ಕಲಬುರಗಿ ಸಮುದ್ರಮಟ್ಟದಿಂದ ಸುಮಾರು 1,500 ಅಡಿ ಎತ್ತರದಲ್ಲಿದೆ; ಶಿಮ್ಲಾ 7,000 ಅಡಿಗೂ ಮೇಲೆ. ಎತ್ತರವೊಂದರಿಂದಲೇ ಹನ್ನೊಂದು ಡಿಗ್ರಿಯಷ್ಟು ವ್ಯತ್ಯಾಸವಾಯಿತು. ಉಳಿದುದನ್ನು ದೇವದಾರುವಿನ ಕಾಡೂ ಮೋಡವೂ ನೋಡಿಕೊಳ್ಳುತ್ತವೆ.

ಈ ಹನ್ನೊಂದು ಡಿಗ್ರಿಗಾಗಿಯೇ ಆಂಗ್ಲರು ಬೆಟ್ಟ ಹತ್ತಿದರು. ಮಸ್ಸೂರಿ 1820ರ ದಶಕದಲ್ಲಿ ಹುಟ್ಟಿತು. ಡಾರ್ಜಿಲಿಂಗನ್ನು 1835ರಲ್ಲಿ ಸಿಕ್ಕಿಮಿನ ಅರಸನಿಂದ ಪಡೆದರು. ಶಿಮ್ಲಾ 1864ರಿಂದ ಇಡೀ ಹಿಂದುಸ್ಥಾನದ ಬೇಸಗೆಯ ರಾಜಧಾನಿಯಾಯಿತು. ರೈಲು ಆಮೇಲೆ ಬಂದಿತು: ಡಾರ್ಜಿಲಿಂಗಿಗೆ 1881ರಲ್ಲಿ, ಕಾಲ್ಕಾದಿಂದ ಶಿಮ್ಲಾಕ್ಕೆ 1903ರಲ್ಲಿ. ಅಲ್ಲಿಯವರೆಗೆ ಸರ್ಕಾರದ ಕಡತಗಳೂ ಮೇಜು ಕುರ್ಚಿಗಳೂ ಮನುಷ್ಯರ ಬೆನ್ನಿನ ಮೇಲೆ ಮತ್ತು ಬಂಡಿಗಳಲ್ಲಿ ಏರುತ್ತಿದ್ದುವು. ಕಾಲ್ಕಾ ಶಿಮ್ಲಾ ಸಣ್ಣ ರೈಲಿನಲ್ಲಿ ಹೋಗತಕ್ಕವರು ನಿದ್ರೆ ಮಾಡಬಾರದು. ಅರವತ್ತು ಮೈಲಿಯ ದಾರಿಗೆ ಐದು ಗಂಟೆ ಹಿಡಿಯುತ್ತದೆ. ನೂರಕ್ಕೂ ಹೆಚ್ಚು ಸುರಂಗಗಳು. ಆ ಐದು ಗಂಟೆಗಳಲ್ಲಿ ಬಯಲಿನ ಗಿಡಗಳು ಹಿಂದೆ ಸರಿದು, ಪೈನ್ ಮರಗಳು ಬಂದು, ಅವೂ ಹಿಂದುಳಿದು ದೇವದಾರು ಕಾಣಿಸಿಕೊಳ್ಳುವುದು ಒಂದು ಪಾಠವೇ ಸರಿ. ಮೋಟಾರಿನಲ್ಲಿ ಧಾವಿಸುವವರಿಗೆ ಈ ಪಾಠ ತಪ್ಪುತ್ತದೆ.

ಹಿಮಾಲಯದ ಊರುಗಳಲ್ಲಿ ಎರಡು ಜಾತಿ. ಇವನ್ನು ಬೇರ್ಪಡಿಸಿ ನೋಡಿದರೆ ಬಹಳ ವಿಷಯ ತಿಳಿಯುತ್ತದೆ. ಆಂಗ್ಲರ ಊರುಗಳು ಬೆಟ್ಟದ ಏಣಿನ ಮೇಲಿವೆ; ಅವನ್ನು ಗಾಳಿಗಾಗಿ, ನೋಟಕ್ಕಾಗಿ ಕಟ್ಟಿದರು. ಹಳೆಯ ಊರುಗಳಾದ ದೇವಪ್ರಯಾಗ, ರುದ್ರಪ್ರಯಾಗ ಮೊದಲಾದುವು ನದಿಗಳ ಸಂಗಮದಲ್ಲಿವೆ. ಇಲ್ಲವೇ ಊಖೀಮಠದಂತೆ ಹೊಲಗದ್ದೆಗಳಿಗೆ ಅನುಕೂಲವಾದ ನಡುಬೆಟ್ಟದಲ್ಲಿವೆ. ಇವು ನೀರಿಗಾಗಿ, ದಾರಿಗಾಗಿ ಬೆಳೆದುವು. ಏಣಿನ ಮೇಲಿನ ಊರಿಗೆ ನೋಟವುಂಟು, ನೀರಿಲ್ಲ. ಬಿದ್ದ ಮಳೆ ಎರಡು ಕಡೆಗೂ ಇಳಿದು ಹೋಗುತ್ತದೆ. ಆದುದರಿಂದ ಶಿಮ್ಲಾದವರು ಕಣಿವೆಯ ಹೊಳೆಗಳ ನೀರನ್ನು ಯಂತ್ರಗಳಿಂದ ಸಾವಿರಾರು ಅಡಿ ಮೇಲಕ್ಕೆತ್ತಿ ಕುಡಿಯಬೇಕು. 2011ರ ಜನಗಣತಿಯಲ್ಲಿ ಆ ನಗರದ ಜನಸಂಖ್ಯೆ ಸುಮಾರು ಒಂದು ಲಕ್ಷ ಎಪ್ಪತ್ತು ಸಾವಿರ. 2018ರ ಬೇಸಗೆಯಲ್ಲಿ ಹೊಳೆಗಳು ಬತ್ತಿ, ಕೆಲವು ಬಡಾವಣೆಗಳಿಗೆ ದಿನಗಟ್ಟಲೆ ನೀರಿಲ್ಲದೆ, ಈ ವರ್ಷ ಪ್ರವಾಸಿಗಳು ದಯವಿಟ್ಟು ಬರಬೇಡಿರೆಂದು ಊರಿನವರೇ ಬೇಡಿಕೊಳ್ಳುವಂತಾಯಿತು. ಅತಿಥಿಸತ್ಕಾರದಿಂದಲೇ ಜೀವನ ನಡೆಸುವ ಊರು ಅತಿಥಿಗಳನ್ನು ಬೇಡವೆನ್ನಬೇಕಾದರೆ ಕಷ್ಟವೆಷ್ಟಿರಬೇಕು! ಬೇಸಗೆಯಲ್ಲಿ ನೀರಿನ ಟ್ಯಾಂಕರಿಗೆ ಕಾದು ನಿಂತ ಅನುಭವವುಳ್ಳ ನಮ್ಮವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಅಂಥ ನಮ್ಮವರೇ ಅಲ್ಲಿನ ಹೋಟೆಲಿನಲ್ಲಿ ದಿನಕ್ಕೆ ಎರಡು ಸಲ ಬಕೆಟ್ಟುಗಟ್ಟಲೆ ಬಿಸಿನೀರು ಸುರಿದುಕೊಳ್ಳುವುದು ನನಗೆ ಸರಿಕಾಣುವುದಿಲ್ಲ.

ನೆಲದ ವಿಷಯ ಇನ್ನೂ ಗಂಭೀರವಾದುದು. ಸೇಡಂ, ಚಿತ್ತಾಪುರ, ಶಹಾಬಾದಿನ ಕಡೆಯವರಿಗೆ ಸುಣ್ಣದ ಕಲ್ಲು ಚಿರಪರಿಚಿತ. ನಮ್ಮ ಮನೆಗಳ ನೆಲಕ್ಕೆ ಹಾಸುವ ಶಹಾಬಾದಿ ಫರ್ಸಿ ಐವತ್ತು ಕೋಟಿ ವರ್ಷಗಳಿಗೂ ಹಿಂದೆ ಕಡಲಿನ ತಳದಲ್ಲಿ ಪದರಪದರವಾಗಿ ಕುಳಿತ ಕೆಸರು. ಅದು ಕುಳಿತಂತೆಯೇ, ಮಟ್ಟಸವಾಗಿ, ಇಂದಿಗೂ ಮಲಗಿದೆ. ಗಣಿಯಲ್ಲಿ ಹಾಳೆ ಬಿಡಿಸಿದಂತೆ ಅದನ್ನು ಎಬ್ಬಿಸುತ್ತಾರೆ. ಮಸ್ಸೂರಿಯ ಬೆಟ್ಟದಲ್ಲಿಯೂ ಕಡಲಿನಲ್ಲಿ ಹುಟ್ಟಿದ ಸುಣ್ಣದ ಕಲ್ಲೇ ಇದೆ. ಆದರೆ ಸುಮಾರು ಐದು ಕೋಟಿ ವರ್ಷಗಳ ಹಿಂದೆ ನಮ್ಮ ಭೂಖಂಡ ಉತ್ತರದ ಭೂಖಂಡಕ್ಕೆ ಹೋಗಿ ತಾಗಿ, ಇನ್ನೂ ಒತ್ತುತ್ತಲೇ ಇರುವುದರಿಂದ, ಅಲ್ಲಿನ ಪದರಗಳು ಮಡಿಸಿ, ಮುರಿದು, ಓರೆಯಾಗಿ ನಿಂತಿವೆ. ರಸ್ತೆಗಾಗಿ ಬೆಟ್ಟವನ್ನು ಕಡಿದಿರುವ ಕಡೆ ಒಂದು ನಿಮಿಷ ನಿಂತು ನೋಡಿದರೆ ಇದು ಕಣ್ಣಿಗೇ ಕಾಣುತ್ತದೆ. ಸೇಡಮ್ಮಿನಲ್ಲಿ ಕಲ್ಲು ತೆಗೆದರೆ ಹಳ್ಳ ಬೀಳುತ್ತದೆ, ಅಷ್ಟೆ. ಮಸ್ಸೂರಿಯಲ್ಲಿ ಕಲ್ಲು ತೆಗೆದರೆ ಮೇಲಿನ ಇಳಿಜಾರು ಕೆಳಗಿನ ಹಳ್ಳಿಯ ಮೇಲೆ ಬರುತ್ತದೆ. ಬಿರುಕುಗಳಲ್ಲಿ ನೀರು ಹಿಡಿದಿಡುವ ಕಲ್ಲೇ ಹೋಗಿ ಊಟೆಗಳೂ ಬತ್ತುತ್ತವೆ. ಈ ಕಾರಣದಿಂದ 1985ರಲ್ಲಿ ಸರ್ವೋಚ್ಚ ನ್ಯಾಯಾಲಯ ಅಲ್ಲಿನ ಅನೇಕ ಸುಣ್ಣಕಲ್ಲಿನ ಗಣಿಗಳನ್ನು ಮುಚ್ಚಿಸಿತು.

ಮಸ್ಸೂರಿಯಲ್ಲಿ ನಮ್ಮವರು ನೋಡಲೇಬೇಕಾದ ಇನ್ನೊಂದು ಸ್ಥಳ ಜಾರ್ಜ್ ಎವರೆಸ್ಟನ ಮನೆ. 1802ರಲ್ಲಿ ಮದರಾಸಿನ ಬಳಿ ಲ್ಯಾಂಬ್ಟನ್ ಆರಂಭಿಸಿದ ಮಹಾ ತ್ರಿಕೋನಮಾಪನ ಬೆಂಗಳೂರಿನ ಬಳಿ, ಬೀದರಿನ ಬಳಿ ಆಧಾರರೇಖೆಗಳನ್ನು ಅಳೆದುಕೊಂಡು ಉತ್ತರಕ್ಕೆ ಸಾಗಿ, ಅವನ ತರುವಾಯ ಎವರೆಸ್ಟನ ಕಾಲದಲ್ಲಿ ಡೆಹರಾಡೂನನ್ನು ಮುಟ್ಟಿತು. ಹಿಮಾಲಯದ ಶಿಖರಗಳ ಎತ್ತರವನ್ನು ಅಳೆದುದು ಈ ಅಳತೆಯ ಆಧಾರದ ಮೇಲೆಯೇ. ನಮ್ಮ ನೆರೆಯ ಬೀದರಿನಲ್ಲಿ ಹಾಸಿದ ಸರಪಣಿಗೂ ಲೋಕದ ಅತ್ಯುನ್ನತ ಶಿಖರಕ್ಕೂ ಸಂಬಂಧವಿದೆಯೆಂಬುದು ಎಷ್ಟು ಜನಕ್ಕೆ ಗೊತ್ತು?

ನೈನಿತಾಲಿಗೆ ಹೋದವರು ಸರೋವರದಲ್ಲಿ ದೋಣಿ ಹತ್ತುತ್ತಾರೆ. ಹತ್ತಲಿ, ಆದರೆ ಬೆಟ್ಟದಿಂದ ಸರೋವರಕ್ಕಿಳಿಯುವ ಕಲ್ಲುಕಟ್ಟಡದ ಕಾಲುವೆಗಳನ್ನೂ ನೋಡಲಿ. 1880ರ ಸೆಪ್ಟೆಂಬರ್ 18ರಂದು, ಬಿಡದೆ ಸುರಿದ ಮಳೆಯಲ್ಲಿ, ಬೆಟ್ಟದ ಒಂದು ಪಾರ್ಶ್ವ ಕುಸಿದು 151 ಜನ ಮಡಿದರು. ಮಳೆಯ ನೀರು ಮಣ್ಣಿಗಿಳಿದು ನಿಲ್ಲದಂತೆ ಹೊರಕ್ಕೆ ಒಯ್ಯಬೇಕೆಂಬ ಬುದ್ಧಿ ಬಂದುದು ಆಮೇಲೆ. ಊರನ್ನು ಹಿಡಿದು ನಿಲ್ಲಿಸಿರುವುದು ಈ ಕಾಲುವೆಗಳೇ ಎನ್ನಬಹುದು. ಈಗ ಜ್ಯೋತಿರ್ಮಠವೆಂಬ ಹಳೆಯ ಹೆಸರನ್ನು ಮರಳಿ ಪಡೆದಿರುವ ಜೋಶಿಮಠದ ಕಥೆ ನಮ್ಮ ಕಾಲದ್ದು. ಪೂರ್ವದಲ್ಲೆಂದೋ ಕುಸಿದು ಬಂದ ಮಣ್ಣುಕಲ್ಲಿನ ರಾಶಿಯ ಮೇಲೆ ಆ ಊರು ಕುಳಿತಿದೆ, ಅಲ್ಲಿ ಭಾರವಾದ ಕಟ್ಟಡಗಳು ಕೂಡದು ಎಂದು 1976ರಲ್ಲಿಯೇ ಮಿಶ್ರಾ ಸಮಿತಿ ವರದಿ ಒಪ್ಪಿಸಿತ್ತು. ವರದಿ ಕಪಾಟಿನಲ್ಲಿ ಉಳಿಯಿತು, ಊರಿನಲ್ಲಿ ಅಂತಸ್ತುಗಳು ಎದ್ದುವು. 2023ರ ಜನವರಿಯಲ್ಲಿ ಎಂಟುನೂರಕ್ಕೂ ಹೆಚ್ಚು ಕಟ್ಟಡಗಳು ಬಿರುಕು ಬಿಟ್ಟು, ಜನ ಚಳಿಯಲ್ಲಿ ಮನೆ ತೊರೆದು ಹೊರಬೀಳಬೇಕಾಯಿತು. ಐದಂತಸ್ತಿನ ಹೋಟೆಲು ಏಳುವುದು ಅಲ್ಲಿನವರ ಅಗತ್ಯಕ್ಕಲ್ಲ. ಕೋಣೆ ಕೇಳುವವರು ನಾವು.

ಹೋಗುವವರ ದೇಹದ ವಿಚಾರಕ್ಕೆ ಬರೋಣ. ಶಿಮ್ಲಾ, ಮಸ್ಸೂರಿಗಳ ಎತ್ತರದಿಂದ ಆರೋಗ್ಯವಂತರಿಗೆ ತೊಂದರೆಯಿಲ್ಲ. ಎಂಟು ಸಾವಿರ ಅಡಿ ದಾಟಿದ ಮೇಲೆ ಎಚ್ಚರ ಬೇಕು. 11,750 ಅಡಿಯ ಕೇದಾರದಲ್ಲಿ ಒಂದು ಉಸಿರಿಗೆ ದೊರೆಯುವ ಪ್ರಾಣವಾಯು ಬಯಲಿನಲ್ಲಿ ದೊರೆಯುವುದರ ಮೂರರಲ್ಲಿ ಎರಡು ಪಾಲಿನಷ್ಟೇ. ಗೌರೀಕುಂಡದಿಂದ ನಡೆದು ಹೋಗತಕ್ಕವರು ಒಂದೇ ದಿನದಲ್ಲಿ ಐದು ಸಾವಿರ ಅಡಿಗೂ ಹೆಚ್ಚು ಏರುತ್ತಾರೆ. ಹೆಲಿಕಾಪ್ಟರಿನವರು ಕೆಲವು ನಿಮಿಷಗಳಲ್ಲಿ. ದೇಹ ಹೊಂದಿಕೊಳ್ಳುವುದಕ್ಕೆ ದಿನಗಳು ಬೇಕು, ನಿಮಿಷಗಳು ಸಾಲವು. ತಲೆನೋವು, ಓಕರಿಕೆ, ನಿದ್ರೆ ಬಾರದಿರುವುದು, ಕುಳಿತಲ್ಲಿಯೇ ಏದುಸಿರು ಕಂಡುವೆಂದರೆ ಮೇಲಕ್ಕೆ ಹೋಗಬಾರದು; ಹೆಚ್ಚಿದರೆ ಕೂಡಲೇ ಇಳಿಯಬೇಕು. ಇಳಿಯುವುದನ್ನು ಮೀರಿದ ಔಷಧ ಇದಕ್ಕಿಲ್ಲ. ಹವೆಯಾದರೋ ಯಾರ ಮಾತನ್ನೂ ಕೇಳುವುದಿಲ್ಲ. 2013ರ ಜೂನ್ 16, 17ರಂದು ಕೇದಾರದ ಮೇಲಣ ಚೋರಾಬಾರಿ ಸರೋವರ ಒಡೆದು ಹರಿದಾಗ ಆ ಕಣಿವೆಯಲ್ಲಿ ಸಾವಿರಾರು ಜನ ಹೋದರು. 2024ರ ಜೂನ್ ಮೊದಲ ವಾರದಲ್ಲಿ ಕರ್ನಾಟಕದಿಂದ ಸಹಸ್ರತಾಲ್ ಎಂಬ ಎತ್ತರದ ಸರೋವರಕ್ಕೆ ಹೋಗಿದ್ದ ಇಪ್ಪತ್ತೆರಡು ಜನರ ತಂಡ ಹಿಮಗಾಳಿಗೆ ಸಿಕ್ಕಿ, ಒಂಬತ್ತು ಮಂದಿ ಹಿಂತಿರುಗಲಿಲ್ಲ. ನಮ್ಮಲ್ಲಿ ಮುಂಗಾರಿನ ಮೊದಲ ಮೋಡಕ್ಕೆ ಕಾಯುವ ವಾರ ಅದು. ಅಲ್ಲಿ ಹಿಮ ಬೀಳಬಹುದೆಂದು ಇಲ್ಲಿ ಕುಳಿತವರಿಗೆ ತೋರುವುದೇ ಕಷ್ಟ. ಬಿಸಿಲಿನ ನಾಡಿನವರು ಬೆಟ್ಟದ ಚಳಿಯನ್ನು ಮೈಗೆ ಹಿತವಾದ ವಸ್ತುವೆಂದೇ ಎಣಿಸುತ್ತೇವೆ.

ಜುಲೈ, ಆಗಸ್ಟುಗಳಲ್ಲಿ ಹೋಗಬಾರದು. ದಾರಿಗಳು ಕುಸಿಯುವ ಕಾಲ ಅದು. ಮೇ ತಿಂಗಳು ತಂಪಿಗೆ ಒಳ್ಳೆಯದು, ಆದರೆ ಬಯಲಿನ ಧೂಳೂ ಮಬ್ಬೂ ಮೇಲೇರಿ ಹಿಮಶಿಖರಗಳು ಅನೇಕ ದಿನ ಕಾಣುವುದೇ ಇಲ್ಲ. ಮಳೆ ತೊಳೆದ ಮೇಲೆ, ದಸರೆಯಿಂದ ದೀಪಾವಳಿಯವರೆಗಿನ ಕಾಲವನ್ನು ನಾನು ಮೆಚ್ಚುತ್ತೇನೆ. ಒಂಬತ್ತು ಊರುಗಳಿಗೆ ಬದಲಾಗಿ ಎರಡನ್ನು ಆರಿಸಿಕೊಳ್ಳಿ: ಒಂದು ಏಣಿನ ಮೇಲಿನದು, ಒಂದು ಹಳೆಯದು.

ಹಳೆಯ ಊರನ್ನು ಆರಿಸುವುದಾದರೆ ಊಖೀಮಠಕ್ಕೆ ನನ್ನ ಮತ. ಮಂದಾಕಿನಿಯ ಕಣಿವೆಯ ಮೇಲೆ, ಸುಮಾರು 4,300 ಅಡಿ ಎತ್ತರದಲ್ಲಿರುವ ಈ ಸಣ್ಣ ಊರಿಗೂ ಕನ್ನಡಕ್ಕೂ ಹಳೆಯ ನಂಟು. ವೀರಶೈವ ಪಂಚಪೀಠಗಳಲ್ಲೊಂದಾದ ಕೇದಾರಪೀಠದ ಸ್ಥಾನ ಇದು. ಕೇದಾರನಾಥದ ರಾವಲರೂ ಅವರ ಕೈಕೆಳಗೆ ಪೂಜೆ ನಡೆಸುವ ಅರ್ಚಕರೂ ಕರ್ನಾಟಕದ ಕಡೆಯ ವೀರಶೈವ ಜಂಗಮರೇ ಆಗಿರುವುದು ಸಂಪ್ರದಾಯ. ದೀಪಾವಳಿ ಕಳೆದು ಯಮದ್ವಿತೀಯೆಯ ದಿನ ಕೇದಾರದ ಬಾಗಿಲು ಮುಚ್ಚಿದ ಮೇಲೆ ಉತ್ಸವಮೂರ್ತಿಯನ್ನು ಪಲ್ಲಕ್ಕಿಯಲ್ಲಿ ಇಲ್ಲಿಯ ಓಂಕಾರೇಶ್ವರ ದೇವಾಲಯಕ್ಕೆ ತಂದು, ಮುಂದಿನ ಬೇಸಗೆಯವರೆಗೆ ಪೂಜೆ ಇಲ್ಲಿಯೇ ನಡೆಸುತ್ತಾರೆ. ಬಾಗಿಲು ಮತ್ತೆ ತೆರೆಯುವ ದಿನವನ್ನು ಶಿವರಾತ್ರಿಯಂದು ಇಲ್ಲಿಯೇ ಸಾರುತ್ತಾರೆ. ಆ ಆರು ತಿಂಗಳು ಊರಿನಲ್ಲಿ ಗದ್ದಲವಿಲ್ಲ, ಕೋಣೆಗಳಿಗೆ ನೂಕುನುಗ್ಗಲಿಲ್ಲ, ಮೋಡವಿಲ್ಲದ ದಿನ ಕಣಿವೆಯ ತಲೆಯಲ್ಲಿ ಹಿಮಶಿಖರಗಳು ಕಾಣುತ್ತವೆ. ಮೊಣಕಾಲು ನೋಯುವ ಹಿರಿಯರನ್ನು ಕರೆದೊಯ್ಯಬೇಕೆಂದಿರುವವರು, 11,750 ಅಡಿ ಏರುವ ಸಾಹಸವನ್ನು ಬಿಟ್ಟು, ಚಳಿಗಾಲದಲ್ಲಿ ಇಲ್ಲಿಗೆ ಕರೆತಂದು ಕೇದಾರೇಶ್ವರನ ದರ್ಶನ ಮಾಡಿಸಬಹುದು. ಊರಿನವರೆಗೆ ಮೋಟಾರು ರಸ್ತೆಯ ಸೌಕರ್ಯವಿದೆ. ಉಣ್ಣೆಯ ಬಟ್ಟೆ ಮಾತ್ರ ಧಾರಾಳವಾಗಿ ಇರಲಿ.