ರೆಕಾರ್ಡಿನ ಮುಳ್ಳನ್ನು ಆರಿಸುವುದು ಹೇಗೆ?

ಹಿಂದೂಸ್ತಾನಿ ಗಾಯನದ ಒಂದು ಎಲ್‌ಪಿ ರೆಕಾರ್ಡನ್ನು ಹಾಕಿ ಕೇಳಿ. ಭೀಮಸೇನ ಜೋಶಿಯವರದಾಗಲಿ, ಮಲ್ಲಿಕಾರ್ಜುನ ಮನ್ಸೂರರದಾಗಲಿ. ಮೊದಲ ಹತ್ತು ನಿಮಿಷ ಎಲ್ಲವೂ ಸೊಗಸು. ವಿಲಂಬಿತ್ ಮುಗಿದು ದ್ರುತ್ ಶುರುವಾಗಿ ತಾನುಗಳು ಏರತೊಡಗಿದಾಗ ದನಿ ಒರಟಾಗುತ್ತದೆ, ತಬಲಾದ ಪೆಟ್ಟು ಒಡೆದಂತೆ ಕೇಳಿಸುತ್ತದೆ. ‘ಪಾಪ, ಹಳೇ ರೆಕಾರ್ಡು’ ಎಂದು ನಾವು ಅದನ್ನು ಎತ್ತಿಡುತ್ತೇವೆ. ಎಷ್ಟೋ ಸಲ ತಪ್ಪು ರೆಕಾರ್ಡಿನದಲ್ಲ, ಮುಳ್ಳಿನದು. ಸವೆದ ಮುಳ್ಳಿನಲ್ಲೇ ಮತ್ತೆ ಮತ್ತೆ ನುಡಿಸಿದರೆ ರೆಕಾರ್ಡೂ ನಿಜವಾಗಿಯೇ ಕೆಡುತ್ತದೆ. ಮತ್ತೆ ಅಚ್ಚಾಗದ ರೆಕಾರ್ಡಾದರೆ ಅಲ್ಲಿಗೆ ಮುಗಿಯಿತು.

ಮಧ್ಯಮ ಬೆಲೆಯ ಟರ್ನ್‌ಟೇಬಲ್ ಇರುವ ವಿದ್ಯಾರ್ಥಿಗಳು ಕೇಳುವ ಪ್ರಶ್ನೆ ಒಂದೇ: ಅದರ ಜೊತೆ ಬಂದ ಕಾರ್ಟ್ರಿಜ್ಜನ್ನು ಬದಲಿಸಬೇಕೆ? ಬದಲಿಸುವುದಾದರೆ ಯಾವುದನ್ನು ಕೊಳ್ಳಬೇಕು? ಸ್ಟುಡಿಯೋದ ಮಾತುಕತೆಯಲ್ಲಿ ಲೆಕ್ಕ ಹಾಕಿ ತೋರಿಸಲು ಸಮಯ ಸಾಲದು. ಇಲ್ಲಿ ಕಾಗದದ ಮೇಲೆ ಹಾಕೋಣ, ಪೆನ್ಸಿಲ್ ಹಿಡಿದುಕೊಳ್ಳಿ.

ಕಾರ್ಟ್ರಿಜ್ ಎಂದರೆ ತೋಳಿನ ತುದಿಯಲ್ಲಿರುವ ಪುಟ್ಟ ಡಬ್ಬಿ. ಅದರಿಂದ ಹೊರಚಾಚಿದ ಸಣ್ಣ ಕಡ್ಡಿಯ ಒಂದು ತುದಿಯಲ್ಲಿ ವಜ್ರದ ಮುಳ್ಳು, ಇನ್ನೊಂದು ತುದಿಯಲ್ಲಿ ಅಯಸ್ಕಾಂತ. ರೆಕಾರ್ಡಿನ ಮೇಲಿನ ಸುರುಳಿಯಾಕಾರದ ಕಾಲುವೆಗೆ ಗ್ರೂವ್ ಎನ್ನುತ್ತಾರೆ. ಅದರ ಗೋಡೆಗಳ ಏರಿಳಿತಕ್ಕೆ ಮುಳ್ಳು ನಡುಗುತ್ತದೆ, ಅಯಸ್ಕಾಂತ ಅಲುಗುತ್ತದೆ, ಪಕ್ಕದ ತಂತಿ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. 1831ರಲ್ಲಿ ಫ್ಯಾರಡೆ ಕಂಡುಹಿಡಿದ, ನೀವು ಪಿಯುಸಿಯಲ್ಲಿ ಓದುವ ವಿದ್ಯುತ್ಕಾಂತೀಯ ಪ್ರೇರಣೆಯೇ ಇದು. ಸಿಗುವುದು ನಾಲ್ಕೈದು ಮಿಲಿವೋಲ್ಟ್ ಮಾತ್ರ.

ಈಗ ಲೆಕ್ಕ. ಎಲ್‌ಪಿ ನಿಮಿಷಕ್ಕೆ 33⅓ ಸುತ್ತು ತಿರುಗುತ್ತದೆ, ಅಂದರೆ ಸೆಕೆಂಡಿಗೆ 0.556 ಸುತ್ತು. ಹೊರ ಅಂಚಿನಲ್ಲಿ ತ್ರಿಜ್ಯ ಸುಮಾರು 146 ಮಿಲಿಮೀಟರ್. ಅಲ್ಲಿ ಮುಳ್ಳಿನ ಕೆಳಗೆ ಸೆಕೆಂಡಿಗೆ 51 ಸೆಂಟಿಮೀಟರ್ ಗ್ರೂವ್ ಸರಿದುಹೋಗುತ್ತದೆ. ಲೇಬಲ್ಲಿನ ಹತ್ತಿರ, 60 ಮಿಲಿಮೀಟರ್ ತ್ರಿಜ್ಯದಲ್ಲಿ, ಬರೇ 21 ಸೆಂಟಿಮೀಟರ್. ಆದರೆ ಸ್ವರಗಳು ಅವೇ ತಾನೆ? 10,000 ಹರ್ಟ್ಸ್‌ನ ಒಂದು ಕಂಪನ ಹೊರಗಡೆ 51 ಮೈಕ್ರಾನ್ ಉದ್ದವಾಗಿ ಆರಾಮವಾಗಿ ಮಲಗಿದ್ದರೆ, ಒಳಗಡೆ 21 ಮೈಕ್ರಾನಿನಲ್ಲಿ ಮುದುಡಿ ಕುಳಿತಿರುತ್ತದೆ. ನಮ್ಮ ದ್ರುತ್ ಬರುವುದು ಇದೇ ಇಕ್ಕಟ್ಟಿನ ಜಾಗದಲ್ಲಿ!

ಆದ್ದರಿಂದ ಮೊದಲು ನೋಡಬೇಕಾದದ್ದು ಮುಳ್ಳಿನ ತುದಿಯ ಆಕಾರವನ್ನು. ಒಂದು ನಿಜವಾದ ಉದಾಹರಣೆ ತೆಗೆದುಕೊಳ್ಳೋಣ. ಆಡಿಯೋ-ಟೆಕ್ನಿಕಾದ ಎಲ್‌ಪಿ120ಎಕ್ಸ್ ಎಂಬ ಮಧ್ಯಮ ಬೆಲೆಯ ಟರ್ನ್‌ಟೇಬಲ್ಲಿನ ಜೊತೆ ವಿಎಂ95ಇ ಕಾರ್ಟ್ರಿಜ್ ಬರುತ್ತದೆ. ಇದರ ಮುಳ್ಳು ಅಂಡಾಕಾರದ್ದು, ಗೋಡೆಗೆ ತಾಗುವ ಬದಿಯ ತ್ರಿಜ್ಯ ಸುಮಾರು 8 ಮೈಕ್ರಾನ್. ಇದೇ ಸಾಲಿನ ಅಗ್ಗದ ಶಂಕುವಿನಾಕಾರದ ಮುಳ್ಳಿಗೆ ತ್ರಿಜ್ಯ 15 ಮೈಕ್ರಾನ್. 30 ಮೈಕ್ರಾನ್ ಅಗಲದ ಗುಂಡು ತುದಿ 21 ಮೈಕ್ರಾನಿನ ತಿರುವಿನೊಳಗೆ ಇಳಿಯುವುದಾದರೂ ಹೇಗೆ? ಮೇಲುಮೇಲೆ ಉಜ್ಜಿಕೊಂಡು ಹೋಗುತ್ತದೆ. ಸಾಲಿನ ಮೇಲ್ತುದಿಯ ಮೈಕ್ರೋಲೀನಿಯರ್ ಮುಳ್ಳಿನಲ್ಲಿ ಬದಿಯ ತ್ರಿಜ್ಯ 3 ಮೈಕ್ರಾನ್ ಮಾತ್ರ. ಇನ್ನೊಂದು, ಶಿಬಾಟ ಎಂಬುದು. 1970ರ ದಶಕದಲ್ಲಿ ನಾಲ್ಕು ಸ್ಪೀಕರುಗಳ ರೆಕಾರ್ಡುಗಳು ಬಂದಾಗ, ಕಿವಿಗೆ ಕೇಳಿಸದ 30,000 ಹರ್ಟ್ಸ್‌ನ ಸಂಕೇತವನ್ನೂ ಓದಬೇಕಾಗಿ ಬಂದು ಜಪಾನಿನಲ್ಲಿ ಹುಟ್ಟಿದ ಆಕಾರ ಅದು. ಆ ರೆಕಾರ್ಡುಗಳು ಮೂಲೆ ಸೇರಿದವು, ಮುಳ್ಳು ಉಳಿಯಿತು.

ಈ ಸಾಲಿನ ಡಬ್ಬಿ ಎಲ್ಲದಕ್ಕೂ ಒಂದೇ. ಮುಂದಿನ ಮುಳ್ಳಿನ ಭಾಗವನ್ನು ಮಾತ್ರ ಕಳಚಿ ಬೇರೆಯದನ್ನು ಸಿಕ್ಕಿಸಬಹುದು, ತಂತಿ ಬಿಚ್ಚುವ ಕೆಲಸವಿಲ್ಲ. ತಯಾರಕರು ಹೇಳುವ ಪ್ರಕಾರ ಅಂಡಾಕಾರದ ಮುಳ್ಳಿನ ಆಯುಷ್ಯ ಸುಮಾರು 300 ಗಂಟೆ, ಮೈಕ್ರೋಲೀನಿಯರಿನದು 1000 ಗಂಟೆ. ದಿನಕ್ಕೊಂದು ಎಲ್‌ಪಿ, ಅಂದರೆ 40 ನಿಮಿಷ ಕೇಳುವವರಿಗೆ ಮೊದಲನೆಯದು 450 ದಿನ, ಎರಡನೆಯದು 1500 ದಿನ. ಅಂಗಡಿಯಲ್ಲಿ ಬೆಲೆ ಕೇಳಿದಾಗ ಅದನ್ನು ಗಂಟೆಗಳಿಂದ ಭಾಗಿಸಿ ನೋಡಿ. ದುಬಾರಿ ಎನಿಸಿದ್ದು ಅಷ್ಟೇನೂ ದುಬಾರಿಯಲ್ಲ ಎನಿಸೀತು. ನನ್ನ ಮತ ಕೇಳಿದರೆ, ಇಂಥ ಯಂತ್ರಕ್ಕೆ ಇದಕ್ಕಿಂತ ಮುಂದೆ ಹೋಗಬೇಕಾಗಿಲ್ಲ.

ಮುಂದೆ ಹೋಗಲು ಆಸೆ ತೋರಿಸುವವರು ಇದ್ದೇ ಇರುತ್ತಾರೆ. ಅಯಸ್ಕಾಂತ ನಿಂತಲ್ಲೇ ಇದ್ದು ತಂತಿ ಸುರುಳಿಯೇ ಅಲುಗುವ ‘ಮೂವಿಂಗ್ ಕಾಯಿಲ್’ ಜಾತಿಯ ಕಾರ್ಟ್ರಿಜ್ಜನ್ನು ಅವರು ಹೊಗಳುತ್ತಾರೆ. ಒಳ್ಳೆಯದೇ, ಅನುಮಾನವಿಲ್ಲ. ಆದರೆ ಅವುಗಳಲ್ಲಿ ಹೆಚ್ಚಿನವು ಕೊಡುವುದು ಅರ್ಧ ಮಿಲಿವೋಲ್ಟಿಗೂ ಕಡಿಮೆ. ಅದನ್ನು ಹಿಗ್ಗಿಸಲು ಬೇರೆಯೇ ಪ್ರೀ-ಆಂಪ್ಲಿಫೈಯರ್ ಬೇಕು. ಮುಳ್ಳು ಸವೆದರೆ ಸಾಮಾನ್ಯವಾಗಿ ನಾವೇ ಬದಲಿಸುವಂತಿಲ್ಲ, ಇಡೀ ಕಾರ್ಟ್ರಿಜ್ಜೇ ಹೋಯಿತು. ಆ ಹಣದಲ್ಲಿ ಎಷ್ಟು ರೆಕಾರ್ಡು ಬರುತ್ತದೆ, ಯೋಚಿಸಿ.

ಅಜ್ಜನ ಕಾಲದ 78ರ ರೆಕಾರ್ಡುಗಳು ಮನೆಯಲ್ಲಿದ್ದರೆ ಒಂದು ಎಚ್ಚರಿಕೆ. ಯಂತ್ರದಲ್ಲಿ 78ರ ಗುಂಡಿ ಇದೆ ಎಂದ ಮಾತ್ರಕ್ಕೆ ಮುಳ್ಳು ಒಗ್ಗುತ್ತದೆ ಎಂದಲ್ಲ. ಆ ಗ್ರೂವ್ ಸುಮಾರು ಮೂರು ಪಟ್ಟು ಅಗಲ. ಎಲ್‌ಪಿಯ ಮುಳ್ಳು ಅದರ ತಳಕ್ಕೆ ಇಳಿದು ಧೂಳನ್ನು ಕೆರೆಯುತ್ತದೆ. ಅರಗಿನ ಜೊತೆ ಕಲ್ಲಿನ ಪುಡಿ ಬೆರೆಸಿ ಮಾಡಿದ ತಟ್ಟೆಗಳಾದ್ದರಿಂದ ಮುಳ್ಳೂ ಬೇಗ ಸವೆಯುತ್ತದೆ. ನಾನು ಕಾಲೇಜಿನಲ್ಲಿದ್ದಾಗ ಈ ತಪ್ಪನ್ನು ಮಾಡಿ, ನಾಟಕದ ಹಾಡೊಂದನ್ನು ಬರೀ ಚರಚರ ಸದ್ದಾಗಿ ಕೇಳಿ, ಆಮೇಲೆ ಅದೇ ಮುಳ್ಳಿನಿಂದ ತಂದೆಯವರ ಎಲ್‌ಪಿಯೊಂದನ್ನು ಕೆಡಿಸಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. 78ಕ್ಕೆಂದೇ ಮಾಡಿದ, 76 ಮೈಕ್ರಾನ್ ತ್ರಿಜ್ಯದ ಮುಳ್ಳೂ ಇದೇ ಸಾಲಿನಲ್ಲಿ ಸಿಗುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ, ಹಣ ತೆಗೆಯುವ ಮೊದಲು ಈಗಿರುವ ಮುಳ್ಳಿನ ಭಾರವನ್ನು ಅಳೆದು ನೋಡಿ. ವಿಎಂ95ಇಗೆ 2 ಗ್ರಾಂ ಇರಬೇಕು. ಭಾರ ಕಡಿಮೆ ಮಾಡಿದರೆ ರೆಕಾರ್ಡಿಗೆ ಹಿತ ಎಂದು ಹಲವರು ನಂಬಿದ್ದಾರೆ, ಅದು ತಪ್ಪು. ಭಾರ ಸಾಲದ ಮುಳ್ಳು ಗೋಡೆ ಬಿಟ್ಟು ಕುಪ್ಪಳಿಸುತ್ತದೆ, ಕುಪ್ಪಳಿಸಿ ಬಿದ್ದಲ್ಲೆಲ್ಲ ಗಾಯ. ಸಣ್ಣ ಡಿಜಿಟಲ್ ತಕ್ಕಡಿಯೊಂದು ಸಾಕು. ಕಾರ್ಟ್ರಿಜ್ ಓರೆಯಾಗಿ ಕೂತಿದೆಯೇ ಎಂಬುದನ್ನು ಕೋನಮಾಪಕದ ಹಾಳೆಯಿಟ್ಟು ಪರೀಕ್ಷಿಸಿ. ಮುಳ್ಳು ಚೂಪಾದಷ್ಟೂ ಓರೆಯನ್ನು ಸಹಿಸುವುದಿಲ್ಲ. ಆಮೇಲೆ ಅದೇ ರೆಕಾರ್ಡಿನ ಅದೇ ದ್ರುತ್ತನ್ನು ಇನ್ನೊಮ್ಮೆ ಹಾಕಿ. ದನಿ ಒಡೆಯದಿದ್ದರೆ ಅಂಗಡಿಗೆ ಹೋಗುವ ಕೆಲಸವೇ ಇಲ್ಲ. ಆಗಲೂ ಒಡೆದರೆ, ಅಂಗಡಿಯಲ್ಲಿ ಏನನ್ನು ಕೇಳಬೇಕೆಂಬುದು ನಿಮಗೆ ಗೊತ್ತಿದೆ.