ಹಸಿರು ದೀಪವನ್ನು ನಂಬಿ ಕೆಟ್ಟೆವು

ನಮ್ಮ ಸೋದರತ್ತೆ ಧಾರವಾಡದಿಂದ ಚೆನ್ನೈಗೆ ಬಂದು ನಮ್ಮಲ್ಲಿ ಒಂದು ತಿಂಗಳು ಇದ್ದರು. ಎಂಬತ್ತು ದಾಟಿದ ಜೀವ. ಬೀಸುವ ಪದ, ಬೀಗರ ಹಾಡು, ತೊಟ್ಟಿಲ ಹಾಡು ಎಲ್ಲವೂ ಬಾಯಲ್ಲಿವೆ. ಕಾಗದದ ಮೇಲೆ ಒಂದೂ ಇಲ್ಲ. ಮೊಬೈಲನ್ನು ಮುಂದಿಟ್ಟರೆ ಸಂಕೋಚದಿಂದ ದನಿಯೇ ಹೊರಡದು. ಆದುದರಿಂದ ಊಟವಾದ ಮೇಲೆ ಅವರು ಹೇಳುತ್ತ ಹೋಗುವುದು, ನಾವು ಕಂಪ್ಯೂಟರಿನಲ್ಲಿ ಬರೆದುಕೊಳ್ಳುವುದು ಎಂದು ಗೊತ್ತಾಯಿತು. ಒಂದು ಮಧ್ಯಾಹ್ನ ಎರಡು ಗಂಟೆಯ ಕಾಲ ತಡೆಯಿಲ್ಲದೆ ಹೇಳಿದರು. ಬರೆದುದನ್ನು ಆಗಾಗ ಉಳಿಸಿಕೊಳ್ಳಬೇಕೆಂಬ ಎಚ್ಚರ ನಮಗಿರಲಿಲ್ಲ. ಮೇಜಿನ ಕೆಳಗೆ ಯುಪಿಎಸ್ ಪೆಟ್ಟಿಗೆ ಇದೆಯಲ್ಲ, ಅದರ ಹಸಿರು ದೀಪ ಉರಿಯುತ್ತಿದೆಯಲ್ಲ ಎಂಬ ಧೈರ್ಯ. ಅಷ್ಟರಲ್ಲಿ ಕರೆಂಟು ಹೋಯಿತು. ಪೆಟ್ಟಿಗೆ ಒಮ್ಮೆ 'ಕೀ' ಎಂದಿತು. ಎರಡನೆಯ ಸಲ ಎನ್ನಲಿಲ್ಲ. ಪರದೆ ಕಪ್ಪಾಯಿತು.

"ಹೋಗ್ಲಿ ಬಿಡೋ ತಮ್ಮಾ, ನಾಳೆ ಮತ್ತ ಹೇಳ್ತೀನಿ" ಎಂದರು ಅತ್ತೆ. ಮರುದಿನ ಹೇಳಿದರು ಕೂಡ. ಆದರೆ ಒಂದು ಬೀಗರ ಹಾಡಿನ ನಡುವಣ ನಾಲ್ಕು ನುಡಿಗಳು ಏನು ಮಾಡಿದರೂ ಅವರ ನೆನಪಿಗೆ ಬರಲಿಲ್ಲ.

ಪೆಟ್ಟಿಗೆಯನ್ನು ಬೈದು ಫಲವೇನು? ಆ ಹಸಿರು ದೀಪ ಹೇಳುತ್ತಿದ್ದುದು ಗೋಡೆಯಿಂದ ಕರೆಂಟು ಬರುತ್ತಿದೆ ಎಂಬಷ್ಟನ್ನೇ. ಒಳಗಿನ ಬ್ಯಾಟರಿಯ ಯೋಗಕ್ಷೇಮದ ಮಾತನ್ನು ಅದು ಎತ್ತಿರಲೇ ಇಲ್ಲ, ನಾವಾಗಿ ಕಲ್ಪಿಸಿಕೊಂಡಿದ್ದೆವು.

ಮನೆಯ ಸಣ್ಣ ಯುಪಿಎಸ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ೧೨ ವೋಲ್ಟಿನ, ೭ ಎ.ಎಚ್. ಎಂದು ಬರೆದ ಸೀಸದ ಬ್ಯಾಟರಿ. ೧೮೫೯ರಲ್ಲಿ ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ಮಾಡಿದ ಬ್ಯಾಟರಿಯ ವಂಶವೇ ಇದು. ಸೀಸದ ಹಲಗೆಗಳ ನಡುವೆ ಗಾಜಿನ ನಾರಿನ ಚಾಪೆ, ಆ ಚಾಪೆ ಹೀರಿಕೊಂಡ ಗಂಧಕಾಮ್ಲ. ಮೇಲೆ ಬಿಗಿಯಾಗಿ ಮುಚ್ಚಿರುವುದರಿಂದ ನೀರು ಹಾಕುವ ಗೋಜಿಲ್ಲ. ಕರೆಂಟು ಇರುವಷ್ಟು ಹೊತ್ತೂ ಇದಕ್ಕೆ ಸುಮಾರು ೧೩.೫ ವೋಲ್ಟಿನಂತೆ ಉಣಿಸುತ್ತಲೇ ಇರುತ್ತಾರೆ. ವರ್ಷಗಟ್ಟಲೆ ಕೂತು ಉಣ್ಣುವ ಪೈಲ್ವಾನನ ಗತಿ! ಮೈ ನೋಡಿದರೆ ಗಟ್ಟಿ. ಕುಸ್ತಿಗೆ ಕರೆದ ದಿನ ನಿಜ ಬಯಲಾಗುತ್ತದೆ. ಮೂರರಿಂದ ಐದು ವರ್ಷ ಇದರ ಆಯುಸ್ಸು ಎನ್ನುತ್ತಾರೆ. ಆದರೆ ಆ ಲೆಕ್ಕ ೨೫ ಡಿಗ್ರಿ ಸೆಲ್ಸಿಯಸ್ ತಂಪಿನದು. ಅದರ ಮೇಲೆ ಎಂಟು ಹತ್ತು ಡಿಗ್ರಿ ಏರಿದರೆ ಆಯುಸ್ಸು ಹೆಚ್ಚುಕಡಿಮೆ ಅರ್ಧವಾಗುತ್ತದೆ. ಧಾರವಾಡದ ಗಾಳಿಯಲ್ಲಿ ನಾಲ್ಕು ವರ್ಷ ಬಾಳುವುದು ಚೆನ್ನೈನ ಮೇ ತಿಂಗಳನ್ನು ಎಷ್ಟು ಸಲ ತಾಳೀತು? ನಮ್ಮ ಪೆಟ್ಟಿಗೆಯೋ ಪಡುವಣ ಕಿಟಕಿಯ ಕೆಳಗೆ, ಗೋಡೆಗೆ ಒತ್ತಿಕೊಂಡು, ಉಸಿರಾಡಲು ಸಂದಿಲ್ಲದಂತೆ ಇತ್ತು. ಬ್ಯಾಟರಿಯ ಮೇಲಿನ ತಾರೀಖು ನೋಡಿದರೆ ನಾಲ್ಕು ವರ್ಷ ಕಳೆದಿತ್ತು. ಪಕ್ಕಗಳು ಉಬ್ಬಿ ಬಂದಿದ್ದುವು.

ಪರೀಕ್ಷೆ ಸುಲಭ. ಕಂಪ್ಯೂಟರನ್ನು ತೆಗೆದು, ಅದರ ಜಾಗದಲ್ಲಿ ಅರವತ್ತು ವ್ಯಾಟಿನ ಹಳೆಯ ತಂತಿಯ ಬಲ್ಬನ್ನು ಸಿಕ್ಕಿಸಿ, ಗೋಡೆಯ ಸ್ವಿಚ್ಚನ್ನು ಆರಿಸಿರಿ. ಪ್ಲಗ್ ಕೀಳಬೇಡಿ, ಅರ್ಥ್ ತಂತಿ ಸೇರಿಕೊಂಡೇ ಇರಲಿ. ಬಲ್ಬು ಹತ್ತು ನಿಮಿಷವೂ ಉರಿಯದಿದ್ದರೆ ಬ್ಯಾಟರಿಯ ಕಾಲ ಮುಗಿಯಿತೆಂದೇ ತಿಳಿಯಬೇಕು. ೭ ಎ.ಎಚ್. ಎಂಬ ಅಂಕಿಯನ್ನೂ ಪೂರ್ತಿ ನಂಬಬಾರದು. ಅದು ಇಪ್ಪತ್ತು ಗಂಟೆಗಳ ಕಾಲ ನಿಧಾನವಾಗಿ ಹೀರಿದಾಗ ಸಿಗುವ ಲೆಕ್ಕ. ಕಂಪ್ಯೂಟರು ಗಬಗಬನೆ ಎಳೆದಾಗ ಅದರ ಅರ್ಧದಷ್ಟು ದಕ್ಕಿದರೂ ಪುಣ್ಯ.

ಅಣ್ಣಾ ಸಾಲೈಯ ಬಳಿಯ ರಿಚಿ ಸ್ಟ್ರೀಟಿಗೆ ಹಳೆಯ ಬ್ಯಾಟರಿಯನ್ನು ಚೀಲದಲ್ಲಿ ಹೊತ್ತುಕೊಂಡೇ ಹೋದೆವು. ಎರಡು ಕಿಲೋ ಮೀರಿದ ಭಾರ. ಆದರೂ ಹೊತ್ತುದು ಒಳ್ಳೆಯದಾಯಿತು, ಏಕೆಂದರೆ ಅಳತೆಯೊಂದೇ ಆದರೂ ತಂತಿ ಸಿಕ್ಕಿಸುವ ನಾಲಗೆಗಳಲ್ಲಿ ಎರಡು ಬಗೆಯುಂಟು: ೪.೮ ಮಿಲಿಮೀಟರಿನದು, ೬.೩ ಮಿಲಿಮೀಟರಿನದು. ತಪ್ಪಿ ತಂದರೆ ಮತ್ತೆ ಬಸ್ಸು ಹತ್ತಬೇಕು. ಕಪಾಟಿನಲ್ಲಿ ವರ್ಷಗಟ್ಟಲೆ ಕುಳಿತ ಮಾಲು ಬೇಡವೆಂದು ತಾರೀಖು ನೋಡಿದೆವು. ಮೀಟರಿಟ್ಟು ತೋರಿಸಿರೆಂದೂ ಕೇಳಿದೆವು. ಅಂಗಡಿಯವರು ಬೇಸರಿಸದೆ ತೋರಿಸಿದರು: ೧೨.೯ ವೋಲ್ಟ್. ೧೨.೫ಕ್ಕಿಂತ ಕೆಳಗಿದ್ದರೆ ಬಿಟ್ಟುಬರುವುದೇ ಮೇಲು. ದೊಡ್ಡ ಪೆಟ್ಟಿಗೆಯಲ್ಲಿ ಎರಡು ಬ್ಯಾಟರಿಗಳಿದ್ದರೆ ಎರಡನ್ನೂ ಒಟ್ಟಿಗೇ ಬದಲಿಸಬೇಕು. ಒಂದರ ಹಣ ಉಳಿಸಲು ಹೋದರೆ, ಹಳೆಯದು ಹೊಸದನ್ನೂ ಬೇಗನೆ ಕೆಡಿಸುತ್ತದೆ.

ಬಿಚ್ಚುವ ಕೆಲಸಕ್ಕೆ ಕಾಲು ಗಂಟೆ ಸಾಕು. ಪೆಟ್ಟಿಗೆಯನ್ನು ಆರಿಸಿ, ಪ್ಲಗ್ ಕಿತ್ತ ಮೇಲೆಯೇ ಮುಚ್ಚಳಕ್ಕೆ ಕೈ ಹಚ್ಚಬೇಕು. ಕೈಯ ಉಂಗುರ, ಬಳೆ, ಗಡಿಯಾರ ತೆಗೆದಿಡಬೇಕು. ಎರಡು ತುದಿಗಳನ್ನೂ ಲೋಹ ಒಮ್ಮೆಗೇ ಮುಟ್ಟಿದರೆ ಕ್ಷಣದಲ್ಲಿ ಕೆಂಪಗೆ ಕಾಯಬಲ್ಲುದು. ಒಳಗಿನ ಹಲಗೆಯನ್ನಂತೂ ಮುಟ್ಟಲೇಬಾರದು, ಪ್ಲಗ್ ಕಿತ್ತಮೇಲೂ ಅದರಲ್ಲಿ ಶಾಕ್ ಹೊಡೆಯುವಷ್ಟು ವಿದ್ಯುತ್ತು ಉಳಿದಿರುತ್ತದೆ. ಬಿಚ್ಚುವಾಗ ಮೊದಲು ಕಪ್ಪು ತಂತಿ, ಜೋಡಿಸುವಾಗ ಮೊದಲು ಕೆಂಪು. ಕೊನೆಯ ತಂತಿ ಸಿಕ್ಕಿಸುವಾಗ ಚಿಟ್ಟೆಂದು ಸಣ್ಣ ಕಿಡಿ ಹಾರಿತು. ಮಗಳು "ಅಪ್ಪಾ!" ಎಂದು ಕೂಗಿ ಹಿಂದೆ ಸರಿದಳು. ಅಷ್ಟು ಕಿಡಿ ಸಹಜವಾದುದು. ಕೆಂಪು ಕಪ್ಪು ಅದಲುಬದಲಾದರೆ ಮಾತ್ರ ಪೆಟ್ಟಿಗೆಯೇ ಹೋಗುತ್ತದೆ. ಕೈ ನಡುಗುವವರು, ಗ್ಯಾರಂಟಿಯ ಅವಧಿ ಇನ್ನೂ ಇರುವವರು, ಅಂಗಡಿಯವರಿಂದಲೇ ಹಾಕಿಸಿಕೊಳ್ಳುವುದು ಕ್ಷೇಮ. ಹೊಸದನ್ನು ಹಾಕಿದ ಮೇಲೆ ರಾತ್ರಿಯೆಲ್ಲ ಚಾರ್ಜಾಗಲು ಬಿಟ್ಟೆವು. ಪೆಟ್ಟಿಗೆಯನ್ನು ಕಿಟಕಿಯಿಂದ ಈಚೆಗೆ, ಗೋಡೆಗೆ ಒಂದು ಗೇಣು ದೂರಕ್ಕೆ ತಂದಿಟ್ಟೆವು.

ಹಳೆಯದನ್ನು ಕಸದ ಗಾಡಿಗೆ ಕೊಡಲಿಲ್ಲ. ಸೀಸ ವಿಷ, ಮಕ್ಕಳಿಗಂತೂ ಇನ್ನೂ ಕೇಡು. ೨೦೦೧ರಿಂದಲೂ ಇದಕ್ಕೆ ಸರಕಾರದ ನಿಯಮಗಳಿವೆ. ೨೦೨೨ರ ಹೊಸ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿ ಮರಳಿ ಸಂಗ್ರಹವಾಗುವಂತೆ ನೋಡಿಕೊಳ್ಳುವ ಹೊಣೆ ಬ್ಯಾಟರಿ ತಯಾರಕರದು. ಅಂಗಡಿಯವರು ಅದನ್ನು ಇಟ್ಟುಕೊಂಡು ಬೆಲೆಯಲ್ಲಿ ಸ್ವಲ್ಪ ಬಿಟ್ಟೂ ಕೊಟ್ಟಿದ್ದರು. ಹೊಸದರ ಮೇಲೆ ಕೊಂಡ ತಾರೀಖನ್ನು ನಮ್ಮಾಕೆ ಕುಂಕುಮದ ಬಣ್ಣದ ಪೆನ್ನಿನಲ್ಲಿ ಬರೆದು ಅಂಟಿಸಿದ್ದಾಳೆ. ಮೂರು ತಿಂಗಳಿಗೊಮ್ಮೆ, ಈ ಪತ್ರಿಕೆಯ ಸಂಚಿಕೆ ಕೈಗೆ ಬಂದ ದಿನ, ಬಲ್ಬಿನ ಪರೀಕ್ಷೆ ಮಾಡುವುದೆಂದು ಗೊತ್ತು ಮಾಡಿಕೊಂಡಿದ್ದೇವೆ.

ಕಳೆದ ವಾರ ಧಾರವಾಡದಿಂದ ಅತ್ತೆಯ ಫೋನು ಬಂತು. "ಬರ್ಕೋ ತಮ್ಮಾ, ಎರಡು ನುಡಿ ನೆನಪಾದ್ವು" ಎಂದರು. ಬರೆದುಕೊಂಡು, ಅವರು ಮುಂದಿನ ಮಾತಾಡುವ ಮೊದಲೇ ಉಳಿಸಿದೆವು. ಇನ್ನೆರಡರ ಜಾಗದಲ್ಲಿ ಚುಕ್ಕಿಗಳನ್ನಿಟ್ಟಿದ್ದೇವೆ.