ಗರ್ಭಿಣಿಯ ಗುಳಿಗೆ

ಈ ಬೇಸಗೆಯಲ್ಲಿ ಕುರುಗೋಡಿನ ದೊಡ್ಡ ಬಸವೇಶ್ವರನ ಗುಡಿಯ ಮುಂದೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಗಂಡನೊಡನೆ ಎದುರಾದಳು. ಸಿರುಗುಪ್ಪದ ಕಡೆಯ ಭತ್ತದ ಸೀಮೆಗೆ ಸೊಸೆಯಾಗಿ ಹೋದವಳು. ಹಿಂದೊಮ್ಮೆ ತರಗತಿಯಲ್ಲಿ ಅವಳಿಗೆ ಮೂರ್ಛೆ ಬಂದಾಗ ಯಾರೋ ಕೈಗೆ ಬೀಗದ ಕೈ ತುರುಕಿದ್ದರು, ಇನ್ನಾರೋ ಮೂಗಿಗೆ ಈರುಳ್ಳಿ ಹಿಡಿದಿದ್ದರು; ಎಂ.ಎ. ಪದವೀಧರನಾದ ನಾನು ಏನೂ ತೋಚದೆ ನಿಂತಿದ್ದೆ. ಈಗ ಆಕೆ ಎರಡು ತಿಂಗಳ ಗರ್ಭಿಣಿ. ಸಂತೋಷದ ಸುದ್ದಿ ತಿಳಿಸಿದವಳೇ ಧ್ವನಿ ತಗ್ಗಿಸಿ, “ಗುಳಿಗಿ ಬಿಟ್ಟೀನಿ ಸಾರ್. ಹೊಟ್ಟ್ಯಾಗಿನ ಕೂಸಿಗೆ ಕೆಟ್ಟದ್ದಂತ ಅತ್ತಿ ಹೇಳ್ಯಾರ” ಎಂದಳು.

ಅತ್ತೆಯ ಮಾತು ಪೂರ್ಣ ಸುಳ್ಳಲ್ಲ. ಅಪಾಯವಿರುವುದೂ ಅದರಲ್ಲಿಯೇ.

ಈ ರೋಗವನ್ನು ನಮ್ಮ ಪೂರ್ವಿಕರು ಅಪಸ್ಮಾರವೆಂದರು; ಸ್ಮೃತಿ ತಪ್ಪುವುದೆಂದು ಅರ್ಥ. ನಟರಾಜನ ಪಾದದಡಿಯ ಕುಳ್ಳನಿಗೂ ಅದೇ ಹೆಸರು. ನಟರಾಜನು ಅವನನ್ನು ಕೊಂದಿಲ್ಲ, ತುಳಿದು ಹಿಡಿದಿದ್ದಾನೆ. ಔಷಧದ ಕಾರ್ಯವೂ ಬಹುಮಟ್ಟಿಗೆ ಹಾಗೆಯೇ. ಕಾಲು ತೆಗೆದೊಡನೆ ಕುಳ್ಳನು ಎದ್ದಾನು. 1912ರಲ್ಲಿ ಫಿನೋಬಾರ್ಬಿಟಾಲ್, 1938ರಲ್ಲಿ ಫೆನಿಟಾಯಿನ್ ರೋಗಿಗಳಿಗೆ ದೊರೆತವು. ದೂರದ ಮಾತೇಕೆ? ನಮ್ಮ ಯಳಂದೂರಿನ ಹಳ್ಳಿಗಳಲ್ಲಿ ಬೆಂಗಳೂರಿನ ನರರೋಗ ತಜ್ಞ ಡಾ. ಕೆ. ಎಸ್. ಮಣಿ ಮತ್ತು ಸಂಗಡಿಗರು ಈ ಎರಡು ಅಗ್ಗದ ಮದ್ದುಗಳಿಂದಲೇ ಹಲವರ ಮೂರ್ಛೆಯನ್ನು ಹತೋಟಿಗೆ ತಂದರು. ಆ ವರದಿ 2001ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಬೆಂಗಳೂರಿನ ಸುತ್ತ ನಡೆದ ಇನ್ನೊಂದು ಸಮೀಕ್ಷೆಯಂತೆ ಈ ವ್ಯಾಧಿ ನಗರದಲ್ಲಿ ಸಾವಿರಕ್ಕೆ ಸುಮಾರು 6 ಜನರಿಗಿದ್ದರೆ ಹಳ್ಳಿಯಲ್ಲಿ ಸುಮಾರು 12 ಜನರಿಗೆ.

ಇನ್ನು ಶಿಶುವಿನ ವಿಚಾರ. ಈ ಮದ್ದು ಸೇವಿಸಿದ ತಾಯಂದಿರ ಕೆಲವು ಮಕ್ಕಳಲ್ಲಿ ಸೀಳುತುಟಿ, ಸೀಳಂಗುಳಗಳು ಕಾಣುತ್ತವೆಯೆಂದು 1968ರಲ್ಲಿ ಇಂಗ್ಲೆಂಡಿನ ವೈದ್ಯ ಮೆಡೋ ಬರೆದರು. 1982ರಲ್ಲಿ ಫ್ರಾನ್ಸಿನ ಲಿಯೋನ್ ನಗರದಿಂದ ಮತ್ತೊಂದು ಎಚ್ಚರಿಕೆ ಬಂದಿತು: ವಾಲ್ಪ್ರೋಯೇಟ್ ಸೇವಿಸಿದವರ ಶಿಶುಗಳಲ್ಲಿ ಬೆನ್ನುಹುರಿಯ ಕೊಳವೆ ಮುಚ್ಚದೆ ಉಳಿಯುವ ದೋಷ. ಈಗ ತಿಳಿದಿರುವಂತೆ, ಸಾಮಾನ್ಯವಾಗಿ ನೂರು ಶಿಶುಗಳಲ್ಲಿ ಎರಡು ಮೂರರಲ್ಲಿ ಕಾಣುವ ಅಂಗದೋಷ ವಾಲ್ಪ್ರೋಯೇಟಿನಿಂದ ಸುಮಾರು ಹತ್ತರಲ್ಲಿ ಕಾಣುತ್ತದೆ; ಮೂವತ್ತು ನಲವತ್ತು ಮಕ್ಕಳಲ್ಲಿ ಮಾತು, ಕಲಿಕೆ ಹಿಂದುಳಿಯಬಹುದು. ಪ್ರಮಾಣ ಹೆಚ್ಚಿದಂತೆ ಕೇಡೂ ಹೆಚ್ಚು. ಆದರೆ ಎಲ್ಲ ಗುಳಿಗೆಗಳೂ ಒಂದೇ ಅಲ್ಲ. ಲ್ಯಾಮೋಟ್ರಿಜಿನ್, ಲೆವೆಟಿರಾಸೆಟಮ್‌ಗಳಲ್ಲಿ ಅಂಗದೋಷದ ಸಂಭವ ಸಾಮಾನ್ಯಕ್ಕೆ ಸಮೀಪವೇ ಇದೆ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯವರು 1998ರಿಂದ ಇಂಥ ತಾಯಂದಿರ ದಾಖಲೆಯನ್ನೇ ಇಟ್ಟುಕೊಂಡು ಬಂದಿದ್ದಾರೆ. ಹೆಚ್ಚಿನವರು ಆರೋಗ್ಯವಂತ ಮಕ್ಕಳನ್ನೇ ಹೆತ್ತಿದ್ದಾರೆ.

ಇಲ್ಲೊಂದು ಸೂಕ್ಷ್ಮವಿದೆ. ಬೆನ್ನುಹುರಿಯ ಆ ಕೊಳವೆ ಗರ್ಭಧಾರಣೆಯಾದ ಸುಮಾರು 28 ದಿನಗಳೊಳಗೆ ಮುಚ್ಚಿಕೊಳ್ಳುತ್ತದೆ. ಮುಟ್ಟು ತಪ್ಪಿ, ಸುದ್ದಿ ಅತ್ತೆಯ ಕಿವಿಗೆ ಬೀಳುವ ವೇಳೆಗೆ ಆ ಕಾಲ ಕಳೆದೇಹೋಗಿರುತ್ತದೆ. ಎರಡನೆಯ ತಿಂಗಳಲ್ಲಿ ಗುಳಿಗೆ ಬಿಟ್ಟರೆ ಆ ದೋಷ ತಪ್ಪದು. ತಾಯಿಗೆ ಮಾತ್ರ ಎಡೆಬಿಡದ ಮೂರ್ಛೆ ಬಂದು ಪ್ರಾಣಕ್ಕೇ ಸಂಚಕಾರವಾದೀತು. ಆಕೆ ಕಾಲುವೆಯ ದಂಡೆಯಲ್ಲೋ ಒಲೆಯ ಮುಂದೋ ಬಿದ್ದರೆ ಗತಿಯೇನು? ದೀರ್ಘ ಮೂರ್ಛೆಯಲ್ಲಿ ಶಿಶುವಿಗೆ ಪ್ರಾಣವಾಯು ಕೊರತೆಯಾಗುತ್ತದೆ. ಆದುದರಿಂದ ಮದ್ದು ಬದಲಿಸುವುದು, ಫೋಲಿಕ್ ಆಮ್ಲ ಆರಂಭಿಸುವುದು, ಎಲ್ಲವೂ ಗರ್ಭಕ್ಕೆ ಮುಂಚೆಯೇ ಆಗಬೇಕು. ಆದರೆ ಮದುವೆಯಲ್ಲಿ ರೋಗವನ್ನೇ ಮುಚ್ಚಿಟ್ಟವರು ವೈದ್ಯರ ಬಳಿಗೆ ಹೋಗುವುದೆಂತು? ಹಿಂದೂ ವಿವಾಹ ಕಾನೂನೇ 1999ರವರೆಗೆ ಈ ರೋಗವುಳ್ಳವರನ್ನು ಮದುವೆಗೆ ಅನರ್ಹರೆಂದು ಎಣಿಸಿತ್ತು.

ಮರುದಿನವೇ ದಂಪತಿಗಳನ್ನು ಬಳ್ಳಾರಿಗೆ ಕರೆಸಿ ನರರೋಗ ವೈದ್ಯರಿಗೆ ತೋರಿಸಿದೆವು. ಹಳೆಯ ಚೀಟಿಯಲ್ಲಿದ್ದುದು ಲ್ಯಾಮೋಟ್ರಿಜಿನ್. ವೈದ್ಯರು ಅದನ್ನು ಸಣ್ಣ ಪ್ರಮಾಣದಿಂದ ಪುನಃ ಆರಂಭಿಸಿದರು. ಗರ್ಭಿಣಿಯ ದೇಹ ಈ ಮದ್ದನ್ನು ಬೇಗ ಹೊರಹಾಕುವುದರಿಂದ ಮುಂದೆ ಪ್ರಮಾಣ ಹೆಚ್ಚಿಸಬೇಕಾದೀತೆಂದೂ ತಿಳಿಸಿದರು. ಐದನೆಯ ತಿಂಗಳ ಸ್ಕ್ಯಾನಿಂಗಿನಲ್ಲಿ ದೋಷವೇನೂ ಕಾಣಲಿಲ್ಲ.

ಈಗ ಏಳು ತಿಂಗಳು. ಕಳೆದ ವಾರ ಅತ್ತೆಯೇ ಫೋನು ಮಾಡಿದ್ದರು. “ಹಾಲು ಕುಡಿಸಬೌದೇನ್ರಿ ಸಾರ್?” ಎಂದು ಕೇಳಿದರು. ವೈದ್ಯರನ್ನು ವಿಚಾರಿಸಿ ತಿಳಿಸಿದೆ: ಕುಡಿಸಬಹುದು, ಕೂಸು ಅತಿಯಾಗಿ ಮಂಕಾದರೆ ಮಾತ್ರ ಕೂಡಲೇ ತೋರಿಸಬೇಕು.